ದೊಡ್ಡ ಬ್ಯಾಟರಿಗೆ ಹೆದರಿದ್ದೆ, ಕೈಕೊಟ್ಟಿದ್ದು ಚಿಕ್ಕದು

ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಕಾರು ತಗೋತೀನಿ ಅಂದಾಗ ಮನೆಯಲ್ಲಿ, ಆಫೀಸಿನಲ್ಲಿ, ಕೊನೆಗೆ ಕಟಿಂಗ್ ಶಾಪಿನಲ್ಲೂ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. "ಬ್ಯಾಟರಿ ಹೋದ್ರೆ ಏನ್ ಮಾಡ್ತೀಯ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರು ತಿಂಗಳು ಹುಡುಕಿದ್ದೇ ಆ ಉತ್ತರಕ್ಕೆ. ಕಾರು ಸಿಕ್ಕಿದ್ದು ಆಮೇಲೆ. ಹೈಬ್ರಿಡ್ ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿಯಲ್ಲಿ ಓಡುವ ಮೋಟಾರೂ ಇರುವ ಗಾಡಿ. ಬ್ರೇಕ್ ಒತ್ತಿದಾಗ ಆ ಬ್ಯಾಟರಿ ತಾನೇ ತುಂಬಿಕೊಳ್ಳುತ್ತದೆ, ಚಾರ್ಜಿಂಗ್ ಪಾಯಿಂಟ್ ಬೇಡ.

ನಮ್ಮ ಮನೆ ರಾಜರಾಜೇಶ್ವರಿ ನಗರ, ಆಫೀಸು ಬೆಳ್ಳಂದೂರು. ವಾರಕ್ಕೆ ಮೂರು ದಿನ ಹೋಗಿ ಬರಬೇಕು. ಇದ್ದ ಹಳೆ ಪೆಟ್ರೋಲ್ ಆಟೊಮ್ಯಾಟಿಕ್ ಗಾಡಿ ಸಿಲ್ಕ್ ಬೋರ್ಡ್ ದಾರಿಯಲ್ಲಿ ಲೀಟರಿಗೆ 9 ಕಿಲೋಮೀಟರ್ ಕೊಟ್ಟರೆ ಅವತ್ತು ಹಬ್ಬ. ಎಲೆಕ್ಟ್ರಿಕ್ ಕಾರು ತಗೊಳ್ಳೋಣ ಅಂದರೆ ನಮ್ಮದು ಹಳೆ ಅಪಾರ್ಟ್‌ಮೆಂಟ್. ಬೇಸ್‌ಮೆಂಟಿನಲ್ಲಿ ಚಾರ್ಜಿಂಗ್ ಪಾಯಿಂಟ್ ಹಾಕಿಸುವ ವಿಷಯ ಎತ್ತಿದರೆ ಅಸೋಸಿಯೇಷನ್ ಮೀಟಿಂಗ್ ಜಗಳದಲ್ಲಿ ಮುಗಿಯುತ್ತದೆ. ಹೊಸ ಹೈಬ್ರಿಡ್ ನನ್ನ ಕೈಗೆ ಎಟುಕುವಂತಿರಲಿಲ್ಲ. ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ 5 ಪರ್ಸೆಂಟ್ ಆದರೆ, ನಾನು ನೋಡುತ್ತಿದ್ದ ಸೈಜಿನ ಹೈಬ್ರಿಡ್‌ಗೆ ಸೆಸ್ ಎಲ್ಲ ಸೇರಿ 43 ಪರ್ಸೆಂಟ್ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು 40ಕ್ಕೆ ಇಳಿಯಿತು. ನಾನು ಕೊಂಡಿದ್ದು ಆಗಸ್ಟಿನಲ್ಲಿ. ನನ್ನ ಟೈಮಿಂಗ್ ಯಾವಾಗಲೂ ಹೀಗೇ.

ಹುಡುಕಲು ಶುರು ಮಾಡಿದ ಮೊದಲ ವಾರ ಗೊತ್ತಾಗಿದ್ದು, ಹೈಬ್ರಿಡ್ ಅಂತ ಬರೆದಿರುವುದೆಲ್ಲ ನನಗೆ ಬೇಕಾದ ಹೈಬ್ರಿಡ್ ಅಲ್ಲ ಅಂತ. ಸಿಯಾಜ್, ಎರ್ಟಿಗಾ ಗಾಡಿಗಳ ಹಿಂದೆ ಸ್ಮಾರ್ಟ್ ಹೈಬ್ರಿಡ್ ಅಂತ ಬ್ಯಾಡ್ಜ್ ಇರುತ್ತದೆ. ಅದು ಮೈಲ್ಡ್ ಹೈಬ್ರಿಡ್. ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ, ಹೊರಡುವಾಗ ಮೋಟಾರು ಸ್ವಲ್ಪ ಕೈಹಾಕುತ್ತದೆ, ಅಷ್ಟೇ. ಬರೀ ಮೋಟಾರಿನಲ್ಲಿ ಗಾಡಿ ಓಡುವುದಿಲ್ಲ. ಒಳ್ಳೆಯ ಗಾಡಿಗಳೇ, ಆದರೆ ಟ್ರಾಫಿಕ್‌ನಲ್ಲಿ ಮೈಲೇಜ್ ಡಬಲ್ ಆಗುತ್ತದೆ ಅಂತ ನಂಬಿ ಹೋದರೆ ನಿರಾಸೆ. ನನಗೆ ಬೇಕಿದ್ದುದು ಸ್ಟ್ರಾಂಗ್ ಹೈಬ್ರಿಡ್, ಬರೀ ಮೋಟಾರಿನಲ್ಲೂ ಸ್ವಲ್ಪ ದೂರ ಓಡುವಂಥದ್ದು. ಅಂದರೆ ಕ್ಯಾಮ್ರಿ ಹೈಬ್ರಿಡ್, ಹೋಂಡಾ ಸಿಟಿ ಇ:ಎಚ್‌ಇವಿ, ಹೈರೈಡರ್, ಗ್ರ್ಯಾಂಡ್ ವಿಟಾರಾ, ಇನ್ನೋವಾ ಹೈಕ್ರಾಸ್, ಇಂಥವು. ಹೈರೈಡರ್, ಗ್ರ್ಯಾಂಡ್ ವಿಟಾರಾಗಳಲ್ಲಿ ಮೈಲ್ಡ್ ಕೂಡ ಇದೆ, ಸ್ಟ್ರಾಂಗ್ ಕೂಡ ಇದೆ. ಹೆಸರು ನೋಡಿ ಅಡ್ವಾನ್ಸ್ ಕೊಡಬೇಡಿ. ಬಾನೆಟ್ ಎತ್ತಿ. ಒಳಗೆ ಹೆಬ್ಬೆರಳು ದಪ್ಪದ ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಸ್ಟ್ರಾಂಗ್. ಬಟನ್ ಒತ್ತಿದಾಗ ಎಂಜಿನ್ ಸದ್ದಿಲ್ಲದೆ ಡ್ಯಾಶ್‌ಬೋರ್ಡಿನಲ್ಲಿ "ರೆಡಿ" ಅಂತ ದೀಪ ಬಂದರೂ ಸ್ಟ್ರಾಂಗೇ.

ನನ್ನ ಅದೃಷ್ಟಕ್ಕೆ ಭಾವನ ಪರಿಚಯದ ಒಬ್ಬ ಮೇಸ್ತ್ರಿ ಸಿಕ್ಕಿದರು. ಬಂಟ್ವಾಳದ ಕಡೆಯವರು. ದುಬೈಯಲ್ಲಿ ಟ್ಯಾಕ್ಸಿ ಗ್ಯಾರೇಜಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿ ಬಂದವರು. ಅಲ್ಲಿ ಟ್ಯಾಕ್ಸಿಯಾಗಿ ಓಡುವ ಕ್ಯಾಮ್ರಿ ಹೈಬ್ರಿಡ್‌ಗಳು ಲೆಕ್ಕವಿಲ್ಲದಷ್ಟು. ನಾನು ಬ್ಯಾಟರಿ ಭಯ ಹೇಳಿಕೊಂಡೆ. ಅವರು ನಕ್ಕರು. "ಎಂತ ಮಾರಾಯ್ರೆ, ಬ್ಯಾಟರಿ ಅಷ್ಟು ಸುಲಭದಲ್ಲಿ ಸಾಯುದಿಲ್ಲ. ಅದಕ್ಕೆ ಉಸಿರಾಡ್ಲಿಕ್ಕೆ ಬಿಡ್ಬೇಕು, ಅಷ್ಟೇ. ಬನ್ನಿ, ತೋರಿಸ್ತೇನೆ."

ತೋರಿಸಿದ್ದು ಹೊಸೂರು ರಸ್ತೆಯ ಒಂದು ಯಾರ್ಡಿನಲ್ಲಿ ನಿಂತಿದ್ದ ಹತ್ತು ವರ್ಷ ಹಳೆಯ ದೊಡ್ಡ ಸೆಡಾನ್‌ನಲ್ಲಿ. ಬಿಳಿ ಬಣ್ಣ, ಬೀಜ್ ಸೀಟು, ಒಳಗೆ ಕೂತರೆ ಮದುವೆ ಗಂಡಿನ ಹಾಗೆ ಅನ್ನಿಸುವಂಥ ಗಾಡಿ. 1,12,000 ಕಿಲೋಮೀಟರ್ ಓಡಿತ್ತು. "ಡಾಕ್ಟ್ರು ಓಡಿಸಿದ ಗಾಡಿ ಸಾರ್" ಅಂದ ಯಾರ್ಡಿನ ಹುಡುಗ. ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಗಾಡಿಗಳನ್ನೆಲ್ಲ ಡಾಕ್ಟ್ರುಗಳೇ ಓಡಿಸಿದ್ದಾರೆ, ಅದು ನಿಮಗೂ ಗೊತ್ತಿರುತ್ತದೆ.

ಮೇಸ್ತ್ರಿ ಜೇಬಿನಿಂದ ಬೆಂಕಿಪೊಟ್ಟಣದಷ್ಟು ದೊಡ್ಡ, ಗಾಡಿಯ ಕಂಪ್ಯೂಟರನ್ನು ಓದುವ ಓಬಿಡಿ ಅಡಾಪ್ಟರ್ ತೆಗೆದು ಸ್ಟಿಯರಿಂಗ್ ಕೆಳಗೆ ಚುಚ್ಚಿದರು. ಬ್ಲೂಟೂತ್‌ನಲ್ಲಿ ಮೊಬೈಲಿಗೆ ಸೇರಿಸಿದರು. ಮೊದಲು ನೋಡಿದ್ದು ಬ್ಯಾಟರಿಯನ್ನಲ್ಲ. ಫಾಲ್ಟ್ ಕೋಡ್ (ಏನಾದರೂ ಕೆಟ್ಟಾಗ ಕಂಪ್ಯೂಟರು ಬರೆದಿಡುವ ಗುರುತು) ಅಳಿಸಿದ ಮೇಲೆ ಗಾಡಿ ಎಷ್ಟು ದೂರ ಓಡಿದೆ ಅನ್ನುವುದನ್ನು. ಈ ಲೆಕ್ಕ ಕಂಪ್ಯೂಟರಿನಲ್ಲಿ ತಾನಾಗಿಯೇ ಉಳಿಯುತ್ತದೆ. ಮೊಬೈಲಿನಲ್ಲಿ 31 ಕಿಲೋಮೀಟರ್ ಅಂತ ಬಂತು. ಲಕ್ಷ ಓಡಿದ ಗಾಡಿಯ ಕೋಡುಗಳನ್ನು ಯಾರೋ ಮೊನ್ನೆ ಮೊನ್ನೆ ಅಳಿಸಿದ್ದಾರೆ. ಮಾಮೂಲಿ ಸರ್ವಿಸ್‌ನಲ್ಲೂ ಅಳಿಸಿರಬಹುದು, ಅದೇ ಒಂದು ಸಾಕ್ಷಿಯಲ್ಲ. ಆದರೆ ಯಾಕೆ ಅಳಿಸಿದಿರಿ ಅಂತ ಕೇಳಿದರೆ ಹುಡುಗ ಫೋನ್ ಬಂದವನ ಹಾಗೆ ಆ ಕಡೆ ಹೋದ.

ಆಮೇಲೆ ಬ್ಯಾಟರಿ. ಈ ಗಾಡಿಯದು ನಿಕಲ್ ಮೆಟಲ್ ಹೈಡ್ರೈಡ್. ಒಂದೇ ಡಬ್ಬ ಅಂತ ನಾನು ಅಂದುಕೊಂಡಿದ್ದೆ. ಒಳಗೆ 7.2 ವೋಲ್ಟಿನ 34 ಚಿಕ್ಕ ಮಾಡ್ಯೂಲುಗಳು ಸಾಲಾಗಿ ಕೂತಿರುತ್ತವೆ, ಎಲ್ಲ ಸೇರಿ ಹತ್ತಿರ ಹತ್ತಿರ 245 ವೋಲ್ಟ್. ಗಾಡಿಯ ಕಂಪ್ಯೂಟರು ಅವನ್ನು ಎರಡೆರಡು ಸೇರಿಸಿ 17 ಬ್ಲಾಕುಗಳಾಗಿ ನೋಡುತ್ತದೆ. ಮೊಬೈಲ್ ತೆರೆಯ ಮೇಲೆ 17 ಹಸಿರು ಕಂಬಗಳು ನಿಂತವು. ನಿಂತ ಗಾಡಿಯಲ್ಲಿ ಎಲ್ಲ ಒಂದೇ ಎತ್ತರ. "ಈಗ ಎಲ್ಲವೂ ಒಳ್ಳೆಯ ಮಕ್ಕಳೇ. ಕೆಲಸ ಕೊಟ್ಟು ನೋಡುವ" ಅಂದರು ಮೇಸ್ತ್ರಿ. ಸರ್ವಿಸ್ ರೋಡಿಗೆ ಬಂದು ಆಕ್ಸಿಲರೇಟರ್ ಪೂರ್ತಿ ಒತ್ತಿದರು. ನಾನು ಮೊಬೈಲ್ ಹಿಡಿದು ಕೂತಿದ್ದೆ. ಕಂಬಗಳೆಲ್ಲ ಒಟ್ಟಿಗೆ 14.8 ವೋಲ್ಟಿನ ಹತ್ತಿರಕ್ಕೆ ಇಳಿದವು. ಒಂದು ಮಾತ್ರ, ಮಧ್ಯದ್ದು, 13.3ಕ್ಕೆ ಕುಸಿಯಿತು. ಬ್ರೇಕ್ ಒತ್ತಿದಾಗ ಅದೇ ಕಂಬ ಎಲ್ಲರಿಗಿಂತ ಮೇಲೆ ಜಿಗಿಯಿತು. ಸುಸ್ತಾದವನ ಲಕ್ಷಣ ಅದು. ಬೇಗ ತುಂಬುತ್ತದೆ, ಬೇಗ ಖಾಲಿಯಾಗುತ್ತದೆ.

ಓಬಿಡಿ ಇಲ್ಲದವರೂ ಇದನ್ನು ಸ್ವಲ್ಪ ಮಟ್ಟಿಗೆ ಕಣ್ಣಲ್ಲೇ ಕಾಣಬಹುದು. ಡ್ಯಾಶ್‌ಬೋರ್ಡಿನ ಬ್ಯಾಟರಿ ಕಡ್ಡಿಗಳು ನಿಧಾನವಾಗಿ ಏರಿ ಇಳಿಯಬೇಕು. ಐದು ನಿಮಿಷದಲ್ಲಿ ಫುಲ್, ಇನ್ನೈದು ನಿಮಿಷದಲ್ಲಿ ಖಾಲಿ ಅಂತ ಕುಣಿದರೆ, ಹಿಂದಿನ ಸೀಟಿನ ಕಡೆಯಿಂದ ಫ್ಯಾನ್ ಸದ್ದು ಜೋರಾಗಿ ಬರುತ್ತಲೇ ಇದ್ದರೆ, ಸಿಗ್ನಲ್‌ನಲ್ಲಿ ನಿಂತಾಗಲೂ ಎಂಜಿನ್ ಆಫ್ ಆಗದಿದ್ದರೆ ಅನುಮಾನ ಪಡಿ.

ಕಾರಣವನ್ನೂ ಮೇಸ್ತ್ರಿಯೇ ಹುಡುಕಿದರು. ಹಿಂದಿನ ಸೀಟಿನ ಹತ್ತಿರ ಒಂದು ಜಾಲರಿ ಇರುತ್ತದೆ. ಬ್ಯಾಟರಿ ತಣ್ಣಗಿರಲು ಫ್ಯಾನು ಕ್ಯಾಬಿನ್ನಿನ ಎಸಿ ಗಾಳಿಯನ್ನೇ ಅಲ್ಲಿಂದ ಎಳೆದುಕೊಳ್ಳುತ್ತದೆ. ನೋಡಿದವರಿಗೆ ಅದು ಸ್ಪೀಕರ್ ಅನ್ನಿಸುತ್ತದೆ. ಜಾಲರಿ ಬಿಚ್ಚಿ ಬೆರಳು ಹಾಕಿ ಎಳೆದರೆ ಕಂಬಳಿ ತುಂಡಿನಂಥ ಧೂಳಿನ ಪದರ ಬಂತು. ಅದರ ತುಂಬ ಬಿಳಿ ಕೂದಲು. ನಾಯಿಯದು. ಡಾಕ್ಟ್ರ ಮನೆಯಲ್ಲಿ ನಾಯಿ ಇತ್ತು ಅನ್ನಿಸುತ್ತದೆ, ಅದು ವರ್ಷಗಟ್ಟಲೆ ಹಿಂದಿನ ಸೀಟಿನಲ್ಲೇ ಕೂತು ಊರು ಸುತ್ತಿದೆ. ಬ್ಯಾಟರಿಗೆ ಗಾಳಿ ಹೋಗಿಲ್ಲ. "ನೋಡಿ, ಇದೇ ರೋಗ" ಅಂದರು ಮೇಸ್ತ್ರಿ, ಕೈ ಒರೆಸಿಕೊಳ್ಳುತ್ತ.

ಯಾರ್ಡಿನವರು ಆಗ ಬೇರೆ ದಾರಿ ತೋರಿಸಿದರು. ಕೆಟ್ಟ ಮಾಡ್ಯೂಲ್ ತೆಗೆದು ಬೇರೆ ಹಾಕಿಸಿಕೊಡುತ್ತೇವೆ, ರೀಕಂಡೀಷನ್ ಬ್ಯಾಟರಿ, ಮೂರು ತಿಂಗಳ ಗ್ಯಾರಂಟಿ. ಬೆಲೆ ಕೇಳಿ ನನಗೆ ಆಸೆಯಾಯಿತು. ಮೇಸ್ತ್ರಿ ಪಕ್ಕಕ್ಕೆ ಕರೆದರು. "ಒಂದು ಹಳೆ ಎತ್ತಿನೊಟ್ಟಿಗೆ ಹೊಸ ಎತ್ತು ಕಟ್ಟಿದ್ರೆ ಗಾಡಿ ಹೇಗೆ ಹೋಗ್ತದೆ ಹೇಳಿ? ಇವತ್ತು ಇದು, ಆರು ತಿಂಗಳಿಗೆ ಪಕ್ಕದ್ದು." ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಹೊಸ ಬ್ಯಾಟರಿಯ ಬೆಲೆ ಕೇಳಿದೆ. ಲಕ್ಷಗಳಲ್ಲಿ ಹೇಳಿದರು. ಹತ್ತು ವರ್ಷದ ಗಾಡಿಗೆ ಅಷ್ಟು ಹಾಕುವುದು ನನ್ನ ಲೆಕ್ಕಕ್ಕೆ ಕೂರಲಿಲ್ಲ. ಬಿಟ್ಟು ಬಂದೆವು. ಸೀಟು ಮಾತ್ರ ಇವತ್ತೂ ನೆನಪಾಗುತ್ತದೆ.

ಇಂಥ ಹಳೆ ಗಾಡಿ ನೋಡುವವರಿಗೆ ಇನ್ನೊಂದು ಮಾತು. ಡ್ರೈವರ್ ಬಾಗಿಲು ತೆಗೆದಾಗ ಬಾನೆಟ್ ಒಳಗಿಂದ ಗುಯ್ ಅಂತ ಒಂದೆರಡು ಸೆಕೆಂಡ್ ಸದ್ದು ಬರುತ್ತದೆ. ಬ್ರೇಕಿನ ಪಂಪು ಪ್ರೆಷರ್ ತುಂಬಿಕೊಳ್ಳುವ ಸದ್ದು, ಹೆದರಬೇಕಿಲ್ಲ. ಆದರೆ ಬ್ರೇಕ್ ಮುಟ್ಟದೆ ಸುಮ್ನೆ ಕೂತಿದ್ದಾಗಲೂ ಅದು ಪದೇ ಪದೇ ಬರುತ್ತಿದ್ದರೆ ಪ್ರೆಷರ್ ಎಲ್ಲೋ ಸೋರುತ್ತಿದೆ ಅಂತ. ಆ ರಿಪೇರಿ ಸಣ್ಣ ಖರ್ಚಿನದಲ್ಲ.

ಎರಡನೇ ಗಾಡಿಯ ಕಥೆ ಹತ್ತು ನಿಮಿಷದ್ದು. 2022ರ ಮಧ್ಯದ ಮಾಡೆಲ್, ಹೊಳೆಯುವ ಪಾಲಿಶ್, ಮಾರುಕಟ್ಟೆಗಿಂತ ಎರಡು ಲಕ್ಷ ಕಡಿಮೆ ಬೆಲೆ. 2022ರ ಸೆಪ್ಟೆಂಬರಿನಲ್ಲಿ ನಮ್ಮ ಆಫೀಸಿನ ಸುತ್ತಮುತ್ತ ಏನಾಯಿತು ಅಂತ ಬೆಂಗಳೂರಿನವರಿಗೆ ಹೇಳಬೇಕಿಲ್ಲ. ಬೆಳ್ಳಂದೂರು, ಸರ್ಜಾಪುರ ರಸ್ತೆಯಲ್ಲಿ ಮಳೆ ನೀರು ನುಗ್ಗಿ ಜನ ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋದರು, ಲಕ್ಷಾಂತರ ರೂಪಾಯಿಯ ಕಾರುಗಳು ಬೇಸ್‌ಮೆಂಟುಗಳಲ್ಲಿ ಮುಳುಗಿದವು. ಮೇಸ್ತ್ರಿ ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದರು. ಸಾಮಾನ್ಯವಾಗಿ ಯಾರೂ ಅಷ್ಟು ಎಳೆಯುವುದಿಲ್ಲ, ಹಾಗಾಗಿ ಯಾರೂ ಅಲ್ಲಿ ತೊಳೆಯುವುದೂ ಇಲ್ಲ. ಕೊನೆಯ ಒಂದಡಿಯಲ್ಲಿ ಕಾಫಿ ಕಲೆಯಂಥ ಕಂದು ಗೆರೆ, ಒಳಗೆ ನೀರು ನಿಂತಿದ್ದ ಗುರುತು. ಡಿಕ್ಕಿಯ ಮ್ಯಾಟ್ ಎತ್ತಿದರೆ ಬೋಲ್ಟುಗಳ ತಲೆಗೆ ತುಕ್ಕು. ಬಹಳಷ್ಟು ಹೈಬ್ರಿಡ್‌ಗಳ ದೊಡ್ಡ ಬ್ಯಾಟರಿ ಇರುವುದು ಅಲ್ಲೇ, ಹಿಂದಿನ ಸೀಟು ಮತ್ತು ಡಿಕ್ಕಿಯ ತಳದಲ್ಲಿ. ಮಾಮೂಲಿ ಕಾರು ನೀರು ಕುಡಿದರೆ ಎಂಜಿನ್ ಬಿಚ್ಚಿ ಒಣಗಿಸಿ ಏನೋ ಮಾಡಬಹುದು. ಇದರಲ್ಲಿ ನೀರು ಬ್ಯಾಟರಿಯ ಕನೆಕ್ಟರುಗಳಿಗೆ ಹೋಗಿ ಕೂತರೆ ಎರಡು ವರ್ಷ ಬಿಟ್ಟು ತೊಂದರೆ ಕೊಡುತ್ತದೆ. ಚಹಾ ಕುಡಿದು ವಾಪಸ್ ಬಂದೆವು.

ಮೂರನೆಯದು ಮೈಸೂರಿನ ಕುವೆಂಪುನಗರದ್ದು. 2022ರ ಡಿಸೆಂಬರಿನಲ್ಲಿ ರಿಜಿಸ್ಟರ್ ಆದ ಹೈರೈಡರ್ ಸ್ಟ್ರಾಂಗ್ ಹೈಬ್ರಿಡ್, ಒಬ್ಬರೇ ಓನರ್, 46,200 ಕಿಲೋಮೀಟರ್. ಮನೆಯವರು ಮಗನ ಹತ್ತಿರ ಹೊರದೇಶಕ್ಕೆ ಹೋಗುವವರಿದ್ದರು. ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲೇ ತಯಾರಾದ ಗಾಡಿ, ನಮ್ಮ ಮನೆಯಿಂದ ಬಿಡದಿ ಅರ್ಧ ಗಂಟೆ ದಾರಿ. ಅದು ಕೊಳ್ಳಲು ಕಾರಣವಲ್ಲ, ಆದರೂ ಒಂಥರಾ ಖುಷಿ.

ಹಿಂದಿನ ದಿನವೇ ಫೋನ್ ಮಾಡಿ ಹೇಳಿದ್ದೆ: "ಅಂಕಲ್, ನಾವು ಬರೋ ತನಕ ಗಾಡಿ ಸ್ಟಾರ್ಟ್ ಮಾಡ್ಬೇಡಿ." ಬಾನೆಟ್ ಮುಟ್ಟಿ ತಣ್ಣಗಿದೆ ಅಂತ ಖಾತ್ರಿ ಮಾಡಿಕೊಂಡೆವು. ಬಾನೆಟ್ ಒಳಗೆ ಕೂಲೆಂಟ್ ಡಬ್ಬ ಎರಡಿರುತ್ತವೆ. ಒಂದು ಎಂಜಿನ್ನಿಗೆ, ಇನ್ನೊಂದು ಇನ್ವರ್ಟರಿಗೆ. ಎರಡನೆಯದನ್ನು ಯಾರೂ ನೋಡುವುದಿಲ್ಲ. ಇನ್ವರ್ಟರ್ ಅಂದರೆ ಬ್ಯಾಟರಿಯ ಡಿಸಿ ಕರೆಂಟನ್ನು ಮೋಟಾರಿಗೆ ಬೇಕಾದ ಎಸಿ ಮಾಡುವ ಪೆಟ್ಟಿಗೆ. ಅದು ಕಾದರೆ ಗಾಡಿ ದಾರಿಯಲ್ಲೇ ನಿಲ್ಲುತ್ತದೆ. ಎರಡರಲ್ಲೂ ಲೆವೆಲ್ ಗೆರೆಯ ಮಧ್ಯೆ ಇತ್ತು, ಬಣ್ಣವೂ ಕೆಟ್ಟಿರಲಿಲ್ಲ. ಜಾಲರಿಯಲ್ಲಿ ಧೂಳು ಇತ್ತು, ಮಾಮೂಲಿ ಧೂಳು.

ಟೆಸ್ಟ್ ಡ್ರೈವ್‌ಗೆ ಮೇಸ್ತ್ರಿ ಚಾಮುಂಡಿ ಬೆಟ್ಟ ಹತ್ತಿಸೋಣ ಅಂದರು. ಹೈಬ್ರಿಡ್‌ಗೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ ಅಂತ ಈಗ ನನಗೂ ಅನ್ನಿಸುತ್ತದೆ. ಹತ್ತುವಾಗ ಕಡ್ಡಿಗಳು ಒಂದೊಂದೇ ಇಳಿದು ಎರಡಕ್ಕೆ ಬಂದವು. 1.5 ಲೀಟರಿನ ಮೂರು ಸಿಲಿಂಡರ್ ಎಂಜಿನ್ ಕೂಗತೊಡಗಿತು. ಗೇರ್ ಬದಲಾಗುವ ಗಾಡಿಯಲ್ಲಿ ಬರುವ ಏರಿಳಿತ ಇಲ್ಲದೆ ಒಂದೇ ಶ್ರುತಿಯಲ್ಲಿ ಕೂಗುವುದರಿಂದ ಏನೋ ಕೆಟ್ಟಿದೆ ಅನ್ನಿಸುತ್ತದೆ. "ಇದರ ಸ್ವರವೇ ಹಾಗೆ" ಅಂದರು ಮೇಸ್ತ್ರಿ. ಮೇಲೆ ದೂರದಿಂದಲೇ ಗೋಪುರಕ್ಕೆ ಕೈಮುಗಿದು ಇಳಿಯಲು ಶುರು ಮಾಡಿದೆವು. ಎಂಜಿನ್ ಸದ್ದು ಇಲ್ಲ. ಹಕ್ಕಿ ಸದ್ದು ಕೇಳುತ್ತಿತ್ತು. ಕಡ್ಡಿಗಳು ಏರುತ್ತಾ ಏರುತ್ತಾ ಮುಕ್ಕಾಲು ಇಳಿಜಾರಿನ ಹೊತ್ತಿಗೆ ಫುಲ್. ಆಗ ಇದ್ದಕ್ಕಿದ್ದಂತೆ ಎಂಜಿನ್ ಜೋರಾಗಿ ತಿರುಗಿತು. ನಾನು ಬೆಚ್ಚಿಬಿದ್ದೆ. ಬ್ಯಾಟರಿಯಲ್ಲಿ ಇನ್ನು ಜಾಗ ಇಲ್ಲ, ಹಾಗಾಗಿ ಗಾಡಿ ಎಂಜಿನ್ನನ್ನೇ ಬ್ರೇಕಿನ ಹಾಗೆ ಬಳಸುತ್ತಿದೆ, ಪೆಟ್ರೋಲ್ ಖರ್ಚಾಗುತ್ತಿಲ್ಲ ಅಂತ ಮೇಸ್ತ್ರಿ ವಿವರಿಸಿದರು. ಉದ್ದನೆಯ ಘಾಟಿಯಲ್ಲಿ ಮೊದಲೇ ಗೇರ್ ಲಿವರನ್ನು ಎಂಜಿನ್ ಬ್ರೇಕಿಗೆಂದೇ ಇರುವ "ಬಿ"ಗೆ ಹಾಕಬೇಕಂತೆ. ಈಗ ಶಿರಾಡಿ ಇಳಿಯುವಾಗ ಹಾಗೇ ಮಾಡುತ್ತೇನೆ.

ಆ ಬೆಟ್ಟದಲ್ಲಿ ನನಗೆ ಇನ್ನೊಂದು ವಿಷಯ ತಲೆಗೆ ಹೋಯಿತು. ಎಲ್ಲರೂ ಹೆದರಿಸುವ ಆ "ದೊಡ್ಡ" ಬ್ಯಾಟರಿ ಹೈರೈಡರ್‌ನಲ್ಲಿ ಎಷ್ಟು ದೊಡ್ಡದು? ಲಿಥಿಯಂ ಅಯಾನ್, 177.6 ವೋಲ್ಟ್, 0.76 ಕಿಲೋವ್ಯಾಟ್ ಅವರ್. ಮನೆಯ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಮುಕ್ಕಾಲು ಯೂನಿಟ್! ಪೂರ್ತಿ ಕರೆಂಟಿನಲ್ಲೇ ಓಡುವ ಮೊದಲ ನೆಕ್ಸಾನ್ ಇವಿಯಲ್ಲೇ 30 ಯೂನಿಟ್ ಇತ್ತು. ಹೈಬ್ರಿಡ್ ಬ್ಯಾಟರಿ ಕರೆಂಟಿನ ಟ್ಯಾಂಕ್ ಅಲ್ಲ, ಅಂಗಡಿ ಗಲ್ಲಾಪೆಟ್ಟಿಗೆಯ ಚಿಲ್ಲರೆ. ಬ್ರೇಕ್ ಒತ್ತಿದಾಗ ಬರುತ್ತದೆ, ಹೊರಡುವಾಗ ಹೋಗುತ್ತದೆ. ಕಡ್ಡಿಗಳು ಫುಲ್ ಅಂತ ತೋರಿಸಿದರೂ ನಿಜಕ್ಕೂ ಪೂರ್ತಿ ಖಾಲಿಯಾಗಲು, ಪೂರ್ತಿ ತುಂಬಲು ಕಂಪ್ಯೂಟರು ಬಿಡುವುದೇ ಇಲ್ಲ. ಅದಕ್ಕೇ ಅದು ಬಾಳುತ್ತದೆ.

ಕಾಗದಪತ್ರದಲ್ಲಿ ಹೈಬ್ರಿಡ್‌ಗೇ ಅಂತ ನೋಡಬೇಕಾದ್ದು ವಾರಂಟಿ. ಈ ಗಾಡಿಯ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್, ಯಾವುದು ಮೊದಲೋ ಅದು. ಲೆಕ್ಕ ಶುರುವಾಗುವುದು ಮೊದಲ ಓನರ್ ಕೈಗೆ ಗಾಡಿ ಬಂದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ಅಂಕಲ್ ಎಲ್ಲ ಬಿಲ್ಲುಗಳನ್ನೂ ಪ್ಲಾಸ್ಟಿಕ್ ಫೈಲಿನಲ್ಲಿ ಇಟ್ಟಿದ್ದರು. ಮೈಸೂರಿನ ಜನ ಅಲ್ವಾ. ಆದರೂ ನಾವು ಚಾಸಿಸ್ ನಂಬರ್ ತೋರಿಸಿ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಎರಡು ಪ್ರಶ್ನೆ ಕೇಳಿದೆವು. ಎಲ್ಲ ಸರ್ವಿಸ್ ನಿಮ್ಮ ಕಂಪ್ಯೂಟರಿನಲ್ಲಿ ಇದೆಯಾ? ವಾರಂಟಿ ಇನ್ನೂ ಜೀವಂತ ಇದೆಯಾ? ದುಡ್ಡು ಕಟ್ಟಿ ಹೈಬ್ರಿಡ್ ಸಿಸ್ಟಮ್ ಚೆಕ್ ಕೂಡ ಮಾಡಿಸಿ ಪ್ರಿಂಟ್ ತಗೊಂಡೆವು. ವ್ಯಾಪಾರಕ್ಕೆ ಕೂತಾಗ ಆ ಎರಡು ಹಾಳೆ ತುಂಬ ಕೆಲಸಕ್ಕೆ ಬಂತು. 14 ಲಕ್ಷದ 40 ಸಾವಿರ ಅಂದಿದ್ದ ಅಂಕಲ್ 13 ಲಕ್ಷದ 75 ಸಾವಿರಕ್ಕೆ ಬಂದರು. ಟೈರು ಸವೆದಿದ್ದವು, ಅದಕ್ಕೆ ಐದು ಸಾವಿರ ಬಿಡಿ ಅಂದಿದ್ದಕ್ಕೆ ಆಂಟಿ ಒಳಗಿನಿಂದ ಒಂದು ಡಬ್ಬ ಚಕ್ಕುಲಿ ತಂದುಕೊಟ್ಟರು. ಐದು ಸಾವಿರ ಬಿಡಲಿಲ್ಲ.

ಉಳಿದಿದ್ದು ಎಲ್ಲ ಸೆಕೆಂಡ್ ಹ್ಯಾಂಡ್ ಗಾಡಿಯ ಹಾಗೇ. ಓನರ್ ಹೆಸರು ಬದಲಿಸುವ ಫಾರ್ಮ್ 29, 30. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು, ಎನ್‌ಒಸಿ (ಸಾಲ ಬಾಕಿ ಇಲ್ಲ ಅನ್ನುವ ಬ್ಯಾಂಕಿನ ಪತ್ರ) ಮತ್ತು ಆ ಹೆಸರು ತೆಗೆಸುವ ಫಾರ್ಮ್ 35 ಬರುವ ತನಕ ಪೂರ್ತಿ ದುಡ್ಡು ಕೊಡಲಿಲ್ಲ. ಇನ್ಶೂರೆನ್ಸನ್ನು 14 ದಿನದೊಳಗೆ ಹೆಸರಿಗೆ ಮಾಡಿಸಿದೆ. ಟ್ರಾಫಿಕ್ ಫೈನ್ ಬಾಕಿ ನೋಡಿದೆ, ಒಂದೂ ಇರಲಿಲ್ಲ. ಮೈಸೂರು, ಹೇಳಿದ್ನಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ. ಉತ್ತರ ಪ್ರದೇಶದಲ್ಲಿ 2024ರ ಜುಲೈಯಲ್ಲಿ ಸ್ಟ್ರಾಂಗ್ ಹೈಬ್ರಿಡ್‌ಗಳಿಗೆ ರಿಜಿಸ್ಟ್ರೇಷನ್ ತೆರಿಗೆ ಮನ್ನಾ ಮಾಡಿದರು. ಅಂಥ ಗಾಡಿ ಅಗ್ಗಕ್ಕೆ ಸಿಕ್ಕಿತು ಅಂತ ಇಲ್ಲಿಗೆ ತಂದರೆ ಕರ್ನಾಟಕದ ಲೈಫ್ ಟ್ಯಾಕ್ಸ್ ನೀವೇ ಕಟ್ಟಬೇಕು. ಲಾಭ ಅಲ್ಲೇ ಕರಗುತ್ತದೆ.

ಮನೆಗೆ ಬಂದ ಮೊದಲ ವಾರ ಮೈಲೇಜ್ 17. ಕಂಪನಿ ಲೆಕ್ಕ 27.97. ನನಗೆ ಹೊಟ್ಟೆ ಉರಿಯಿತು. ತಪ್ಪು ನನ್ನದೇ. ಹಳೆ ಅಭ್ಯಾಸ, ಪ್ರತಿ ಸಿಗ್ನಲ್‌ನಲ್ಲೂ ಗೇರ್ ನ್ಯೂಟ್ರಲ್‌ಗೆ ಹಾಕುತ್ತಿದ್ದೆ. ಈ ಗಾಡಿಗಳಲ್ಲಿ ನ್ಯೂಟ್ರಲ್‌ನಲ್ಲಿ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಎಸಿಗೆ ಇರುವುದು ಕರೆಂಟಿನ ಕಂಪ್ರೆಸರ್. ನಾನು ನ್ಯೂಟ್ರಲ್‌ನಲ್ಲಿ ನಿಂತಷ್ಟೂ ಹೊತ್ತು ಅದು ಚಿಲ್ಲರೆ ಡಬ್ಬ ಖಾಲಿ ಮಾಡುತ್ತಿತ್ತು. ಈಗ "ಡಿ"ಯಲ್ಲೇ ಬ್ರೇಕ್ ಹಿಡಿದು ನಿಲ್ಲುತ್ತೇನೆ. ದೂರದಿಂದಲೇ ಕೆಂಪು ದೀಪ ಕಂಡರೆ ಮೆಲ್ಲಗೆ ಬ್ರೇಕ್ ಒತ್ತುತ್ತಾ ಬರುತ್ತೇನೆ, ಆಗ ಮೋಟಾರೇ ಗಾಡಿಯನ್ನು ನಿಲ್ಲಿಸುತ್ತಾ ಕರೆಂಟ್ ಮಾಡಿಕೊಳ್ಳುತ್ತದೆ. ಗಬಕ್ಕನೆ ಒತ್ತಿದರೆ ಪ್ಯಾಡು ಸವೆಯುತ್ತದೆ, ಕರೆಂಟ್ ಅಷ್ಟಾಗಿ ಹುಟ್ಟುವುದಿಲ್ಲ. ಎರಡು ತಿಂಗಳಲ್ಲಿ ಊರೊಳಗೆ 22, 23 ಬರತೊಡಗಿತು. ಸಕಲೇಶಪುರದ ಹೈವೇಯಲ್ಲಿ 100ರಲ್ಲಿ ಹೋದರೆ 19. ಹೈವೇಯಲ್ಲಿ ಕಡಿಮೆ, ಟ್ರಾಫಿಕ್‌ನಲ್ಲಿ ಜಾಸ್ತಿ. ಬರೀ ಹೈವೇ ಓಡಿಸುವವರು ಹೈಬ್ರಿಡ್‌ಗೆ ಜಾಸ್ತಿ ದುಡ್ಡು ಕೊಡುವುದು ಯಾಕೆ ಅಂತ ನನಗೆ ಅರ್ಥವಾಗುವುದಿಲ್ಲ.

ಇನ್ನು ಆ ಚಿಕ್ಕ ಬ್ಯಾಟರಿ.

ದೀಪಾವಳಿಗೆ ಊರಿಗೆ ಹೋದಾಗ ಭಾವನ ಗಾಡಿಯಲ್ಲಿ ಹೋದೆವು. ನನ್ನದು ಬೇಸ್‌ಮೆಂಟಿನಲ್ಲಿ ಮೂರು ವಾರ ನಿಂತಿತ್ತು. ಅದಕ್ಕೆ ಮೊದಲು ನಾನೇ ಬುದ್ಧಿವಂತಿಕೆ ಮಾಡಿ, ಗಾಡಿ ನಿಂತಾಗಲೂ ರೆಕಾರ್ಡ್ ಆಗುವ ಹಾಗೆ ಡ್ಯಾಶ್‌ಕ್ಯಾಮ್‌ಗೆ ನೇರ ವೈರ್ ಕೊಡಿಸಿದ್ದೆ. ವಾಪಸ್ ಬಂದು ಕೀ ಒತ್ತಿದರೆ ಬಾಗಿಲು ತೆಗೆಯಲಿಲ್ಲ. ಕೀ ಒಳಗಿನ ಕಬ್ಬಿಣದ ಕಡ್ಡಿ ತೆಗೆದು ಬಾಗಿಲು ತೆರೆದೆ. ಬಟನ್ ಒತ್ತಿದೆ. ಡ್ಯಾಶ್‌ಬೋರ್ಡ್ ಒಂದು ಸಲ ಮಿಣುಕಿ ಸತ್ತುಹೋಯಿತು. ನನ್ನ ಎದೆ ಧಸಕ್ಕೆಂದಿತು. ಎಲ್ಲರೂ ಹೇಳಿದ್ದ ಆ ದಿನ ಬಂದೇ ಬಿಟ್ಟಿತಾ?

ಅಪ್ಪ ತೋಳು ಮಡಚಿದರು. "ತಳ್ಳಿ ನೋಡೋಣ್ವೇನೋ?" ವಾಚ್‌ಮನ್ ಕೂಡ ಬಂದು ನಿಂತ.

ಮೇಸ್ತ್ರಿಗೆ ಫೋನ್ ಮಾಡಿದೆ. ಅವರು ಮತ್ತೆ ನಕ್ಕರು. "ತಳ್ಳಬೇಡಿ. ಅದಕ್ಕೆ ಸ್ಟಾರ್ಟರ್ ಮೋಟಾರೇ ಇಲ್ಲ ಮಾರಾಯ್ರೆ." ಹೈಬ್ರಿಡ್‌ನಲ್ಲಿ ಎಂಜಿನ್ನನ್ನು ತಿರುಗಿಸುವುದು ದೊಡ್ಡ ಬ್ಯಾಟರಿಯ ಕರೆಂಟಿನಲ್ಲಿ ಓಡುವ ಮೋಟಾರು. ಆದರೆ ದೊಡ್ಡ ಬ್ಯಾಟರಿಯ ಬಾಗಿಲು ತೆಗೆಯುವ ರಿಲೇಗಳು (ಕರೆಂಟಿನ ಸ್ವಿಚ್ಚುಗಳು), ಕಂಪ್ಯೂಟರುಗಳು ಎಲ್ಲ ಓಡುವುದು ಮಾಮೂಲಿ 12 ವೋಲ್ಟ್ ಬ್ಯಾಟರಿಯಲ್ಲಿ. ಚಿಕ್ಕದು ಸತ್ತರೆ ದೊಡ್ಡದು ತುಂಬಿ ತುಳುಕುತ್ತಿದ್ದರೂ ಬೀಗ ಹಾಕಿದ ಕಣಜದ ಹಾಗೆ. ಕೀಲಿ ಕೈ ಕಳೆದುಹೋಗಿದೆ, ಅಷ್ಟೇ. ಪಕ್ಕದ ಬ್ಲಾಕಿನವರ ಹಳೆ ಆಲ್ಟೋದಿಂದ ಜಂಪರ್ ಕೇಬಲ್ ಕೊಟ್ಟೆವು. ಬಟನ್ ಒತ್ತಿದ ತಕ್ಷಣ "ರೆಡಿ" ದೀಪ ಹತ್ತಿತು. ಆಲ್ಟೋ ಯಜಮಾನರ ಮುಖದ ಮೇಲಿನ ನಗು ನಾನು ಮರೆಯುವುದಿಲ್ಲ.

12 ವೋಲ್ಟ್ ಬ್ಯಾಟರಿ ಗಾಡಿಯ ಜೊತೆ ಬಂದದ್ದೇ, ಮೂರು ವರ್ಷ ಹತ್ತಿರವಾಗಿತ್ತು. ಹೊಸದು ಹಾಕಿಸಿದೆ, ಡ್ಯಾಶ್‌ಕ್ಯಾಮ್ ವೈರ್ ಕಿತ್ತುಹಾಕಿದೆ. ಕೊಳ್ಳುವಾಗ ಅಷ್ಟೆಲ್ಲ ಪರೀಕ್ಷೆ ಮಾಡಿದ ನಾವು ಇದರ ತಾರೀಕು ನೋಡಿರಲೇ ಇಲ್ಲ. ಈಗ ವಾರಗಟ್ಟಲೆ ಗಾಡಿ ನಿಲ್ಲುವುದಿದ್ದರೆ ಮಧ್ಯೆ ಒಂದು ಸಲ ಅರ್ಧ ಮುಕ್ಕಾಲು ಗಂಟೆ "ರೆಡಿ"ಯಲ್ಲಿ ಇಡುತ್ತೇವೆ. ಗಾಡಿ "ರೆಡಿ" ಮಾಡದೆ ಬರೀ ಆಕ್ಸೆಸರಿಯಲ್ಲಿ ಹಾಡು ಕೇಳುತ್ತಾ ಕೂತರೆ ಚಿಕ್ಕದು ಖಾಲಿಯಾಗುತ್ತದೆ, ಚಾರ್ಜ್ ಆಗುವುದು "ರೆಡಿ"ಯಲ್ಲಿದ್ದಾಗ ಮಾತ್ರ. ಹೆಂಡತಿ ತರಕಾರಿ ತರಲು ಇಳಿದಾಗ ನಾನು ಮಾಡುತ್ತಿದ್ದುದು ಇದೇ ತಪ್ಪು.

ಮೇಸ್ತ್ರಿ ಆಮೇಲೆ ಹೇಳಿದ ಕೆಲವು ಮಾತು ಸರ್ವಿಸ್ ಪುಸ್ತಕದ ಹಿಂದೆ ಬರೆದುಕೊಂಡಿದ್ದೇನೆ. ಗಾಡಿ ಕೆಟ್ಟರೆ ಮುಂದಿನ ಚಕ್ರ ನೆಲದ ಮೇಲೆ ಉರುಳುವ ಹಾಗೆ ಎಳೆಸಬಾರದು, ಚಕ್ರ ತಿರುಗಿದರೆ ಮೋಟಾರೂ ತಿರುಗಿ ಕರೆಂಟ್ ಹುಟ್ಟುತ್ತದೆ, ಗಾಡಿಯನ್ನು ಪೂರ್ತಿ ಮೇಲೆ ಹೊತ್ತೊಯ್ಯುವ ಫ್ಲಾಟ್‌ಬೆಡ್ ಕರೆಸಬೇಕು. ರಸ್ತೆ ಬದಿಯ ಎಸಿ ಅಂಗಡಿಯಲ್ಲಿ ಗ್ಯಾಸ್ ಹಾಕಿಸುವಾಗ ಮಾಮೂಲಿ ಕಂಪ್ರೆಸರ್ ಎಣ್ಣೆ ಹಾಕಲು ಬಿಡಬಾರದು. ಈ ಕಂಪ್ರೆಸರ್ ಒಳಗೆ ಹೈ ವೋಲ್ಟೇಜ್ ಇರುತ್ತದೆ, ಅದಕ್ಕೆ ಕರೆಂಟ್ ಹರಿಯದ ಬೇರೆಯೇ ಎಣ್ಣೆ ಬೇಕು. ಬ್ರೇಕ್ ಪ್ಯಾಡ್ ಬೇಗ ಸವೆಯದೇ ಇರುವುದರಿಂದ ಯಾರೂ ಬಿಚ್ಚಿ ನೋಡುವುದಿಲ್ಲ, ಮಳೆಗಾಲದಲ್ಲಿ ಡಿಸ್ಕಿಗೆ ತುಕ್ಕು ಹಿಡಿಯುತ್ತದೆ, ಸರ್ವಿಸ್‌ನಲ್ಲಿ ಹೇಳಿ ಬಿಚ್ಚಿಸಬೇಕು. ಇಲಿ ಬಂದರೆ ಹೊಗೆಸೊಪ್ಪು ಕಟ್ಟಬಹುದು, ಆದರೆ ಕಿತ್ತಳೆ ಕೇಬಲ್ ಕಡಿದಿರುವುದು ಕಂಡರೆ ಕೈ ಹಾಕದೆ ಸರ್ವಿಸ್ ಸೆಂಟರಿಗೆ ಫೋನ್ ಮಾಡಬೇಕು. ಕಾರ್ ವಾಶ್ ಹುಡುಗರು ಹಿಂದಿನ ಸೀಟಿನ ಜಾಲರಿಗೆ ನೀರು ಬಿಡದ ಹಾಗೆ ನೋಡಿಕೊಳ್ಳಬೇಕು.

ಅದೇ ಪುಟದ ಮೇಲ್ಗಡೆ ದೊಡ್ಡದಾಗಿ "ಡಿಸೆಂಬರ್ 2030" ಅಂತ ಬರೆದಿದೆ. ದೊಡ್ಡ ಬ್ಯಾಟರಿಯ ವಾರಂಟಿ ಮುಗಿಯುವ ತಿಂಗಳು. ತಿಂಗಳಿಗೆ 1,500 ಕಿಲೋಮೀಟರ್ ಓಡಿಸಿದರೆ ಆ ಹೊತ್ತಿಗೆ ಮೀಟರ್ 1,42,000 ದಾಟಿರುತ್ತದೆ.

ಮೊನ್ನೆ ಭಾನುವಾರ ಜಾಲರಿ ಬಿಚ್ಚಿ ವ್ಯಾಕ್ಯೂಮ್ ಹಿಡಿದೆ. ಒಳಗೆ ಸಿಕ್ಕಿದ್ದು ಸ್ವಲ್ಪ ಧೂಳು, ಮಗಳ ಒಂದು ಹೇರ್ ಕ್ಲಿಪ್, ಮೂರು ಕಡ್ಲೆಪುರಿ. ಹಿಂದಿನ ಸೀಟಿನಲ್ಲಿ ಪುರಿ ತಿನ್ನಬಾರದು ಅಂತ ಮನೆಯಲ್ಲಿ ಹೊಸ ಕಾನೂನು ಬಂದಿದೆ. ಅಪ್ಪ ಅದನ್ನು ಇನ್ನೂ ಒಪ್ಪಿಲ್ಲ.